ಬೀಗದ ಕೈ ಯಾರ ಮನೇಲಿದೆ?

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದ ಬೀಗದ ಫೋಟೋ ನನ್ನ ಹಳೇ ಫೋನಿನಲ್ಲಿ ಇನ್ನೂ ಇದೆ. ಆರೇಳು ವರ್ಷದ ಹಿಂದೆ ತೆಗೆದದ್ದು. ಒಂದು ಭಾನುವಾರ ಮೈಸೂರಿನಿಂದ ಅಷ್ಟು ದೂರ ಹೋಗಿ, ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಬಾಗಿಲ ಮುಂದೆ ನಿಂತಾಗ ಬೀಗ ಕಂಡು ಮೈಯೆಲ್ಲ ಉರಿದುಹೋಗಿತ್ತು. ಫೋಟೋ ಹೊಡೆದು, 'ಪರಂಪರೆಗೆ ಬಿದ್ದ ಬೀಗ' ಅಂತ ಏನೇನೋ ಬರೆದು ಹಾಕಿದೆ. ಇನ್ನೂರು ಜನ ಮೆಚ್ಚಿದರು. ಯಾವ ಗುಡಿಯಾದರೂ ಮಧ್ಯಾಹ್ನ ಎರಡು ಗಂಟೆಗೆ ಮುಚ್ಚಿರುತ್ತದೆ ಅನ್ನೋ ಸಾಮಾನ್ಯ ತಿಳಿವಳಿಕೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಎದುರು ಮನೆ ಜಗುಲಿ ಮೇಲೆ ಒಬ್ಬ ಹೆಂಗಸು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಅವರನ್ನು ಒಂದು ಮಾತು ಕೇಳೋಣ ಅಂತ ನನಗೆ ಹೊಳೆಯಲೇ ಇಲ್ಲ.

ಈ ಸಲ ಕೇಳಿದ್ದೂ ನಾನಲ್ಲ, ಮಾವ.

ಮಾವ ಅಂದರೆ ಅಮ್ಮನ ತಮ್ಮ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹೆಚ್ಚುಪಾಲು ಮೈಸೂರು–ಕೆ.ಆರ್. ಪೇಟೆ ಕಡೆಯ ರೂಟು. ಆ ದಾರಿಯ ಸ್ಟೇಜುಗಳನ್ನು ಈಗಲೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಯಾವ ಊರಲ್ಲಿ ಹಲಸಿನಹಣ್ಣಿಗೆ ಲಗೇಜು ಟಿಕೆಟ್ ಹರಿದರೆ ಜಗಳಕ್ಕೆ ಬರುತ್ತಾರೆ, ಯಾವ ಊರಿನ ಮೇಷ್ಟ್ರು ದಿನಾ ಮೂರು ರೂಪಾಯಿ ಟಿಕೆಟ್ಟಿಗೆ ಐವತ್ತರ ನೋಟು ಚಾಚುತ್ತಿದ್ದರು, ಎಲ್ಲ ಗೊತ್ತು. ಬಸ್‌ಸ್ಟ್ಯಾಂಡಿನಿಂದ ಇನ್ನೂರು ಹೆಜ್ಜೆ ಆಚೆಗೆ ಆ ಊರುಗಳು ಹೇಗಿವೆ ಅಂತ ಕೇಳಿದರೆ ಮಾತ್ರ ಗೊತ್ತಿಲ್ಲ.

'ಐದ್ ನಿಮಿಷ ಸ್ಟಾಪು ಕಣವ್ವ. ಟೀ ಕುಡುದು, ವೇಬಿಲ್ ಬರ್ಕಳಕೇ ಆಯ್ತಿರ್ಲಿಲ್ಲ. ಇನ್ನ ಶಿಲ್ಪಕಲೆ ನೋಡೋಕೋಗ್ಲಾ?' ಅಂದರು. ಹಾಗಾದರೆ ಈ ಸಲ ಎಲ್ಲ ಸ್ಟಾಪಲ್ಲೂ ಇಳಿಯೋಣ ಬನ್ನಿ ಮಾವ ಅಂತ ಹೊರಡಿಸಿದೆ. ಜನವರಿ ತಿಂಗಳು, ಸಂಕ್ರಾಂತಿ ಮುಗಿದ ವಾರ. ಎರಡು ದಿನ, ನನ್ನ ಹಳೇ ಕಾರು, ಫ್ಲಾಸ್ಕಿನಲ್ಲಿ ಅತ್ತೆ ಕೊಟ್ಟ ಕಾಫಿ.

ಹೊಸ ಎಕ್ಸ್‌ಪ್ರೆಸ್ ದಾರಿ ಬೇಡ ಅಂತ ಮೊದಲೇ ಕಟ್ಟಪ್ಪಣೆ. 2023ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಲ್ಲ ಬದಿಗೆ ಸರಿದವು. ಮದ್ದೂರು ವಡೆ ತಿನ್ನದೆ ಬೆಂಗಳೂರು ಮುಟ್ಟುವುದನ್ನು ಮಾವ ಪ್ರಯಾಣ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೇ ರಸ್ತೆಯಲ್ಲೇ ಹೋದೆವು.

ಶ್ರೀರಂಗಪಟ್ಟಣದ ಬಗ್ಗೆ ಹೆಚ್ಚು ಬರೆಯಲಾರೆ. 1610ರಲ್ಲಿ ರಾಜ ಒಡೆಯರ್ ಕೈಗೆ ಬಂದದ್ದು, 1799ರ ಮೇ 4ರಂದು ಟಿಪ್ಪು ಬಿದ್ದದ್ದು, ಕಲ್ಲು ಕಲ್ಲಿಗೂ ಫಲಕ ಇದೆ, ಫಲಕಕ್ಕೊಬ್ಬ ಗೈಡ್ ಇದ್ದಾನೆ. ಮಾವನಿಗೆ ಅಲ್ಲಿ ಹಿಡಿಸಿದ್ದು ಒಂದೇ, ಟಿಪ್ಪು ಕಾಲದ ಶಸ್ತ್ರಾಗಾರ. ರೈಲಿನ ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಆ ಇಟ್ಟಿಗೆ ಕಟ್ಟಡವನ್ನು ಒಡೆಯದೆ, ಬಿಚ್ಚದೆ, ಇದ್ದದ್ದು ಇದ್ದ ಹಾಗೇ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿಟ್ಟರು. ಮಾವ ಅದರ ಸುತ್ತ ಎರಡು ಸುತ್ತು ಬಂದು, 'ಬ್ರೇಕ್‌ಡೌನ್ ಆದ ಬಸ್ಸು ತಳ್ಳೋಕೇ ನಲವತ್ತು ಜನ ಬೇಕಾಗಿತ್ತು' ಅಂದರು.

ಪಾಂಡವಪುರದಲ್ಲಿ ಕಬ್ಬಿನ ಎತ್ತಿನಗಾಡಿಗಳ ಹಿಂದೆ ಸಿಕ್ಕಿಕೊಂಡೆವು. ಈ ಊರಿನ ಹೆಸರಿನ ಪಾಡು ನೋಡಿ. ಮೊದಲು ಹಿರೋಡೆ. ಹೈದರ್–ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. ಆಮೇಲೆ ಪಾಂಡವಪುರ. ನಮ್ಮ ತಾತ ಸಾಯುವವರೆಗೂ 'ಪ್ರಂಚ್ರಾಕು' ಅಂತಲೇ ಅನ್ನುತ್ತಿದ್ದರು. ಅದೊಂದು ಅಪ್ಪಟ ಮಂಡ್ಯದ ಪದ ಅಂತಲೇ ನಾನು ಹೈಸ್ಕೂಲಿನವರೆಗೂ ನಂಬಿದ್ದೆ. ಮಾವನ ಬಸ್ಸಿಗೂ ಆಗೊಮ್ಮೆ ಈಗೊಮ್ಮೆ ಯಾರಾದರೂ ಮುದುಕರು ಹತ್ತಿ 'ಪ್ರಂಚ್ರಾಕ್ಗೆ ಒಂದ್ ಕೊಡಪ್ಪ' ಅನ್ನುತ್ತಿದ್ದರಂತೆ. ಈ ಸೀಮೆಯಲ್ಲಿ ಊರುಗಳಿಗೆ ಹೆಸರು ಬದಲಾಗುವುದು ಹೊಸದಲ್ಲ. ಅತ್ತಿಗುಪ್ಪೆ ಕೆ.ಆರ್. ಪೇಟೆ ಆಯಿತು, ಅತ್ತ ಎಡತೊರೆ ಕೆ.ಆರ್. ನಗರ ಆಯಿತು. ಕನ್ನಂಬಾಡಿಯಂತೂ ಕಟ್ಟೆಗೆ ಹೆಸರು ಕೊಟ್ಟು ತಾನು ನೀರಲ್ಲಿ ಮುಳುಗಿತು.

ತೊಣ್ಣೂರು ಕೆರೆ ಏರಿ ಮೇಲೆ ಕಾಫಿ ಕುಡಿದೆವು. ಎರಡು ಗುಡ್ಡಗಳ ನಡುವೆ ಕಟ್ಟಿದ ಕೆರೆ. ನೀರು ಎಷ್ಟು ತಿಳಿ ಅಂದರೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅಂತ ಇನ್ನೊಂದು ಹೆಸರು ಬಿದ್ದಿದೆ. ಊರೊಳಗೆ ನಂಬಿನಾರಾಯಣನ ಗುಡಿ. ರಾಮಾನುಜಾಚಾರ್ಯರು ಮೇಲುಕೋಟೆಗೆ ಬರುವ ಮೊದಲು ಇದ್ದದ್ದು ಇಲ್ಲಿ ಅನ್ನುತ್ತಾರೆ. ಒಳಗೆ ನಾವಿಬ್ಬರೇ. ಕಂಬದ ನೆರಳಲ್ಲಿ ಒಂದು ನಾಯಿ.

ಮೇಲುಕೋಟೆಗೆ ಹೋದವರು ಪುಳಿಯೋಗರೆ ಬಗ್ಗೆ ಬರೆಯದಿದ್ದರೆ ದೋಷ. ಬರೆದಾಯಿತು ಅಂದುಕೊಳ್ಳಿ. ನನಗೆ ಬೇಕಿದ್ದದ್ದು ಬೇರೆ. ಮಾವ ಇಪ್ಪತ್ತಕ್ಕಿಂತ ಹೆಚ್ಚು ಸಲ ವೈರಮುಡಿ ಜಾತ್ರೆಗೆ ಬಂದಿದ್ದಾರೆ, ಒಂದು ಸಲವೂ ವೈರಮುಡಿ ಕಿರೀಟ ನೋಡಿಲ್ಲ. ಜಾತ್ರೆ ಸ್ಪೆಷಲ್ ಬಸ್ಸಿನ ಡ್ಯೂಟಿ. ಸಂಜೆ ಜನ ಇಳಿಸಿ, ಊರಾಚೆ ಬಯಲಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಉದ್ದ ಸೀಟಲ್ಲಿ ಟವೆಲ್ ಹೊದ್ದು ಮಲಗೋದು. ರಾತ್ರಿ ಉತ್ಸವ ಹೊರಟಾಗ ಜನ 'ಗೋವಿಂದಾ' ಅನ್ನೋದು ಗಾಳಿಯಲ್ಲಿ ಕೇಳುತ್ತಿತ್ತಂತೆ. 'ಕೂಗು ಕೇಳುದ್ರೆ ಎದ್ದು ಕೂತ್ಕೊಂಡು ಅಲ್ಲಿಂದ್ಲೇ ಕೈ ಮುಗಿಯೋದು. ಇನ್ನೊಂದ್ ಗಂಟೇಲಿ ಎಲ್ರೂ ಒಟ್ಗೇ ಓಡ್ ಬತ್ತಾರಲ್ಲ, ಚಿಲ್ಲರೆ ಹೊಂದಿಸ್ಕಬೇಕಾಗಿತ್ತು.'

ಆ ಕಿರೀಟದ ಕತೆಯನ್ನೇ ನಾನು ದಾರಿಯುದ್ದಕ್ಕೂ ಮೆಲುಕು ಹಾಕಿದ್ದು. ವೈರಮುಡಿ ವರ್ಷವಿಡೀ ಮೇಲುಕೋಟೆಯಲ್ಲಿ ಇರುವುದಿಲ್ಲ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿ, ಸರ್ಕಾರದ ಬೀಗದೊಳಗೆ ಇರುತ್ತದೆ. ಫಾಲ್ಗುಣದಲ್ಲಿ ಆ ಒಂದು ದಿನ, ರಾಜ ಒಡೆಯರ್ ಕೊಟ್ಟ ರಾಜಮುಡಿಯ ಜೊತೆ, ಪೊಲೀಸ್ ಕಾವಲಲ್ಲಿ ಹೊರಡುತ್ತದೆ. ದಾರಿ ಮೇಲಿನ ಹಳ್ಳಿಗಳವರು ರಸ್ತೆಗೆ ನೀರು ಹಾಕಿ, ರಂಗೋಲಿ ಬಿಟ್ಟು, ತಮ್ಮೂರಿನ ಮುಂದೆ ನಿಲ್ಲಿಸಿಕೊಂಡು ಪೂಜೆ ಕೊಡುತ್ತಾರೆ. ಪೆಟ್ಟಿಗೆಯೊಳಗೆ ಏನಿದೆ ಅಂತ ಅವರು ನೋಡುವುದಿಲ್ಲ, ಚೆಲುವನಾರಾಯಣನಿಗೆ ಮುಡಿಸುವವರೆಗೂ ಅದನ್ನು ಬರಿಗಣ್ಣಲ್ಲಿ ನೋಡಬಾರದು ಅನ್ನುವುದು ಸಂಪ್ರದಾಯ. ಅಂದರೆ ಆ ಹಳ್ಳಿಗಳು ಆರತಿ ಎತ್ತುವುದು ಬೀಗ ಹಾಕಿದ ಪೆಟ್ಟಿಗೆಗೆ. ನಾನು ಹೊಸಹೊಳಲಿನ ಬೀಗಕ್ಕೆ ಏನು ಮಾಡಿದ್ದೆ ಅನ್ನೋದು ನೆನಪಾಗಿ ಪುಳಿಯೋಗರೆ ಗಂಟಲಲ್ಲಿ ಸಿಕ್ಕಿತು.

ರಾತ್ರಿ ಅಲ್ಲೇ ಒಂದು ಛತ್ರದಲ್ಲಿ ಉಳಿದು, ಬೆಳಿಗ್ಗೆ ಕೆ.ಆರ್. ಪೇಟೆ ಕಡೆ ಹೊರಟೆವು. ರಸ್ತೆ ಮೇಲೆ ಉದ್ದಕ್ಕೂ ಹುರುಳಿ ಹರವಿದ್ದರು. ನಾನು ಪಕ್ಕಕ್ಕೆ ತಪ್ಪಿಸಿ ಹೋಗುತ್ತಿದ್ದೆ. 'ಮೇಲೇ ಹಾಯಿಸು ಮಗ, ಅವ್ರಿಗೆ ಉಪಕಾರ ಆಯ್ತದೆ' ಅಂದರು ಮಾವ.

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಹತ್ತು ನಿಮಿಷ ಸುಮ್ಮನೆ ನಿಂತಿದ್ದರು. ಯಾರಾದರೂ ಗುರುತು ಹಿಡಿಯುತ್ತಾರೆ ಅಂತ ಕಾಯುತ್ತಿದ್ದರು ಅಂತ ಕಾಣುತ್ತೆ, ಯಾರೂ ಹಿಡಿಯಲಿಲ್ಲ. ಕೈಯಲ್ಲಿ ಟಿಕೆಟ್ ಮಿಷನ್ ಹಿಡಿದ ಹುಡುಗಿಯೊಬ್ಬಳು ಕಂಡಕ್ಟರ್ 'ಚನ್ನರಾಯಪಟ್ಣ, ಚನ್ನರಾಯಪಟ್ಣ' ಅಂತ ಕೂಗುತ್ತಿದ್ದಳು. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಕ್ಕಪಕ್ಕದ ದೇವಸ್ಥಾನಗಳಿಗೆಲ್ಲ ಗುಂಪು ಗುಂಪು ಹೆಂಗಸರು. ಆ ಬಸ್ಸಿನ ತುಂಬ ಅವರೇ. ಮಾವ ಫುಟ್‌ಬೋರ್ಡಿನವರೆಗೂ ಲೆಕ್ಕ ಹಾಕಿ 'ಎಂಬತ್ತೆರಡು' ಅಂದರು.

ಈ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಬೀಗವೇ ಇಲ್ಲದ ಒಂದು ಜಾಗ ಇದೆ. ಬಯಲಲ್ಲಿ ಗರುಡಗಂಬಗಳು ನಿಂತಿವೆ, ತುದಿಯಲ್ಲಿ ಕಲ್ಲಿನ ಆನೆ. ಹೊಯ್ಸಳ ದೊರೆಗಳಿಗೆ ಗರುಡರು ಅಂತ ಇದ್ದರು. ದೊರೆ ಸತ್ತ ದಿನ ತಾವೂ ಸಾಯುತ್ತೇವೆ ಅಂತ ಭಾಷೆ ಕೊಟ್ಟ ಮೈಗಾವಲಿನವರು. ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ, ಒಬ್ಬೊಬ್ಬ ದೊರೆಯ ಹಿಂದೆ ಒಬ್ಬೊಬ್ಬರಂತೆ, ಹೆಂಡತಿಯರು ಆಳುಗಳ ಸಮೇತ ಜೀವ ಬಿಟ್ಟದ್ದು ಇಲ್ಲಿನ ಶಾಸನದಲ್ಲಿದೆ. ನಾನು ಫೋನಿನಲ್ಲಿದ್ದ ಟಿಪ್ಪಣಿ ಓದಿ ಹೇಳುತ್ತಿದ್ದೆ. ಮಾವ ಕಂಬವನ್ನು ಮೇಲಿಂದ ಕೆಳಗೆ ನೋಡಿ, 'ಅಪ್ಪ ಸತ್ತ ಮೇಲೆ ಮಗನ್ಗೂ ಅದೇ ಕೆಲ್ಸನಾ?' ಅಂದರು. ಹೌದು ಅಂದೆ. 'ಅನುಕಂಪದ ಮೇಲೆ,' ಅಂದವರು ಮತ್ತೆ ಮಾತಾಡಲಿಲ್ಲ. ಕಾರು ಹತ್ತುವ ಮುಂಚೆ ಚಪ್ಪಲಿ ಬಿಟ್ಟು ಬಂದು ಕಂಬದ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಹೊಸಹೊಳಲು ಪೇಟೆಯಿಂದ ಕೂಗಳತೆ. ಹೋದಾಗ ಹನ್ನೊಂದೂವರೆ. ಬಾಗಿಲಿಗೆ ಅದೇ ಬೀಗ. ಅದೇ ಅಂತ ಹೇಗೆ ಹೇಳಲಿ, ಹಿತ್ತಾಳೆಯದು, ದಪ್ಪದ್ದು. ನಾನು 'ಅಯ್ಯೋ' ಅನ್ನುವ ಹೊತ್ತಿಗೆ ಮಾವ ಎದುರು ಮನೆ ಜಗುಲಿ ಹತ್ತಿ ಕೂತಾಗಿತ್ತು. 'ಒಂದ್ ಲೋಟ ನೀರು ಕೊಡಿ ತಾಯಿ.' ನೀರು ಬಂತು. ಯಾವೂರು ಅಂತ ಕೇಳಿದರು. ಮಾವ ಊರು ಹೇಳಿದರು. ಆ ಊರಲ್ಲಿ ಯಾರ ಪೈಕಿ ಅಂತ ಕೇಳಿದರು. ಹೇಳಿದರು. ಅವರ ನಾದಿನಿಯನ್ನು ಆ ಊರಿನ ಪಕ್ಕದ ಊರಿಗೇ ಕೊಟ್ಟಿರುವುದು ಗೊತ್ತಾಯಿತು. ಇಷ್ಟಾದ ಮೇಲೆ, ಇಷ್ಟೆಲ್ಲ ಆದ ಮೇಲೆ, ಮಾವ ಕೇಳಿದ್ದು: 'ಬೀಗದ ಕೈ ಯಾರ ಮನೇಲೈತೆ ತಾಯಿ?'

'ಐನೋರು ಊಟಕ್ಕೋಗವ್ರೆ, ಬತ್ತಾರೆ ಇರಿ. ಏಯ್ ಮಗ, ಹೋಗಿ ಹೇಳ್ ಬಾ.'

ಅರ್ಚಕರು ಬಾಯಿ ಒರೆಸಿಕೊಳ್ಳುತ್ತಾ ಬಂದರು, ಬೇಜಾರೇನೂ ಇರಲಿಲ್ಲ. ಬಂದವರೇ ನನ್ನನ್ನು 'ಯೂಟ್ಯೂಬಾ?' ಅಂತ ಕೇಳಿದರು. ಅಲ್ಲ ಅಂದಿದ್ದಕ್ಕೆ ಸಮಾಧಾನವಾಯಿತು ಅಂತ ಕಾಣುತ್ತೆ.

1250ರ ಹೊತ್ತಿನ ಗುಡಿ, ಹೊಯ್ಸಳ ಸೋಮೇಶ್ವರನ ಕಾಲದ್ದು. ಗರ್ಭಗುಡಿ ಮೂರು, ನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ. ಶಿಖರ ಮಾತ್ರ ನಡುವಿನದಕ್ಕೊಂದೇ. ಒಳಗಿನ ಕಂಬಗಳ ನುಣುಪಿನಲ್ಲಿ ನಮ್ಮ ಮುಖ ಮಸುಕು ಮಸುಕಾಗಿ ಕಾಣುತ್ತದೆ. ಆದರೆ ಹೊತ್ತು ಹೋದದ್ದು ಹೊರಗಡೆ, ಜಗತಿಯ ಮೇಲೆ, ಅಂದರೆ ಗುಡಿ ನಿಂತ ಎತ್ತರದ ಕಟ್ಟೆ ಮೇಲೆ. ಬಳಪದ ಕಲ್ಲಿನ ಗೋಡೆ, ಕೆಳಗಿನಿಂದ ಪಟ್ಟಿ ಪಟ್ಟಿಯಾಗಿ ಏರುತ್ತದೆ. ಮೊದಲು ಆನೆಗಳ ಸಾಲು, ಮೇಲೆ ಕುದುರೆ, ಅದರ ಮೇಲೆ ಬಳ್ಳಿ, ಆಮೇಲೆ ರಾಮಾಯಣ–ಮಹಾಭಾರತ, ಅದರಾಚೆ ಮಕರ, ಹಂಸ. ಪುರಾಣದ ಪಟ್ಟಿ ಒಂದು ಗೇಣಿಗಿಂತ ದೊಡ್ಡದಲ್ಲ. ಅಷ್ಟರೊಳಗೇ ಯುದ್ಧ, ವನವಾಸ, ಅರಮನೆ, ಕಪಿಸೇನೆ. ಒಂದು ಮೈಗೂ ಇನ್ನೊಂದು ಮೈಗೂ ನಡುವೆ ಬೆರಳು ತೂರುವಷ್ಟು ಜಾಗ ಇಲ್ಲ. ಮಾವ ಬಗ್ಗಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಆ ಪಟ್ಟಿಯನ್ನು ನೋಡುತ್ತಾ ನಡೆದರು. 'ಸೋಮ್ವಾರ ಬೆಳಿಗ್ಗೆ ಏಳೂವರೆ ಬಸ್ಸು' ಅಂದರು. ನಾನು ಓದಿದ ಹೊಯ್ಸಳ ಶಿಲ್ಪದ ವಿವರಣೆಗಳಲ್ಲಿ ಇದಕ್ಕಿಂತ ಸರಿಯಾದದ್ದು ನೆನಪಾಗುತ್ತಿಲ್ಲ. ಕಂಡಕ್ಟರ್ ಒಬ್ಬನೇ ಆ ನೂಕುನುಗ್ಗಲಲ್ಲಿ ಪ್ರತಿಯೊಬ್ಬರ ಮುಖವನ್ನೂ ಬೇರೆ ಬೇರೆಯಾಗಿ ನೋಡಬೇಕಾದವನು. ಕೆತ್ತಿದವನ ಪಾಡೂ ಅದೇ.

ಕಿಕ್ಕೇರಿಯಲ್ಲಿ ಬ್ರಹ್ಮೇಶ್ವರನ ಗುಡಿ ತೆಗೆದೇ ಇತ್ತು. 1171ರದ್ದು. ಕಟ್ಟಿಸಿದವಳು ಬಮ್ಮವೆ ನಾಯಕಿತಿ. ಅಷ್ಟು ಹಿಂದೆ ಒಬ್ಬ ಹೆಂಗಸು ಕಲ್ಲಿನಲ್ಲಿ ತನ್ನ ಹೆಸರು ಬರೆಸಿಕೊಂಡದ್ದು ನನಗೆ ಖುಷಿ. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಅಲ್ಲಿ ನನ್ನ ತಲೆ ಓಡಿದ್ದು ಇನ್ನೊಂದು ಕಡೆಗೆ. ಊರಿನ ಬೋರ್ಡು ನೋಡುತ್ತಾ ಮಾವನಿಗೆ ಹೇಳಿದೆ, ಮಾವ, ಕೆ.ಎಸ್. ನರಸಿಂಹಸ್ವಾಮಿ ಅಂತಾರಲ್ಲ, ಆ 'ಕೆ' ಅಂದರೆ ಕಿಕ್ಕೇರಿ. 1915ರಲ್ಲಿ ಹುಟ್ಟಿದ್ದು ಇಲ್ಲೇ. ಮಾವ ಒಂದು ಗಳಿಗೆ ಸುಮ್ಮನಿದ್ದು, 'ಬೇರೆ ಇನ್ಯಾರ್ ಹಂಗವ್ರೆ?' ಅಂದರು. ಎ.ಎನ್. ಮೂರ್ತಿರಾಯರ 'ಎ' ಅಂದರೆ ಅಕ್ಕಿಹೆಬ್ಬಾಳು, ಇದೇ ತಾಲ್ಲೂಕು, 1900ರಲ್ಲಿ ಹುಟ್ಟಿದವರು, ನೂರು ದಾಟಿ ಬದುಕಿದರು. ಇನಿಷಿಯಲ್ಲಲ್ಲಿ ಊರಿಲ್ಲದಿದ್ದರೂ ಪು.ತಿ.ನ. ನಿನ್ನೆ ಬಿಟ್ಟುಬಂದ ಮೇಲುಕೋಟೆಯವರು, 1905. ಹದಿನೈದು ವರ್ಷದೊಳಗೆ ಇಷ್ಟೇ ಸುತ್ತಳತೆಯಲ್ಲಿ ಮೂವರು ಸಾಹಿತಿಗಳು. ಮಾವ ಮೂವತ್ತೊಂದು ವರ್ಷ ಇನಿಷಿಯಲ್ಲುಗಳನ್ನೇ ಸ್ಟೇಜು ಅಂತ ಕೂಗಿದ್ದರು. 'ಮೊದ್ಲೇ ಹೇಳಿದ್ರೆ ಸ್ವಲ್ಪ ಮರ್ಯಾದೆಯಿಂದ ಕೂಗ್ತಿದ್ದೆ' ಅಂದರು.

ಅಲ್ಲೇ ಒಂದು ಹೋಟೆಲಿನಲ್ಲಿ ಇಡ್ಲಿ ತಿಂದು ಗೋವಿಂದನಹಳ್ಳಿಗೆ ಹೋದರೆ ಪಂಚಲಿಂಗೇಶ್ವರನಿಗೆ ಬೀಗ. ಕೇಳಿದರೆ, ಕೈ ಇಟ್ಟುಕೊಂಡವರು ಕಿಕ್ಕೇರಿಗೆ ಹೋಗಿದ್ದಾರೆ. ಫೋನ್ ಮಾಡಿದರೆ ಅವರು ಇಡ್ಲಿ ತಿನ್ನುತ್ತಿದ್ದರು. ನಾವು ಎದ್ದು ಬಂದ ಅದೇ ಹೋಟೆಲು.

ಮುಕ್ಕಾಲು ಗಂಟೆ ಕಾದೆವು. ಪಕ್ಕದ ಮನೆ ಅಂಗಳದಲ್ಲಿ ನಾಲ್ಕು ಜನ ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ಮುಂದೆಯೂ ಒಂದು ಮೊರ ಬಂತು. ಸೊಗಡು ಅವರೆ, ಸುಲಿದಂತೆ ಬೆರಳ ತುದಿ ಅಂಟಂಟಾಗಿ ಕಪ್ಪಾಗುತ್ತಾ ಹೋಯಿತು. ಮೈಸೂರಲ್ಲಿ ಸೈಟಿನ ರೇಟು ಎಷ್ಟು, ನನಗೆ ಮಕ್ಕಳೆಷ್ಟು, ಗಂಡ ಯಾಕೆ ಬಂದಿಲ್ಲ, ಎಲ್ಲದಕ್ಕೂ ಲೆಕ್ಕ ಕೊಟ್ಟೆ. ಟಿಕೆಟ್ ಕೌಂಟರ್ ಇರುವ ಸೋಮನಾಥಪುರದಲ್ಲಿ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಅಲ್ಲಿ ದುಡ್ಡು ಕೊಟ್ಟರೆ ಮುಗಿಯಿತು. ಇಲ್ಲಿ ನಾನ್ಯಾರು ಅಂತ ಹೇಳಿಕೊಳ್ಳಬೇಕು. ನಿಜ ಹೇಳಬೇಕೆಂದರೆ ಇದು ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ, ಮಕ್ಕಳ ಪ್ರಶ್ನೆಗೆ ಒಳಗೊಳಗೇ ಮುಷ್ಟಿ ಬಿಗಿಯಿತು.

ಸೋಮನಾಥಪುರದ ಮಾತು ಬಂದಿದ್ದಕ್ಕೆ ಕಾರಣ ಇದೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದು ವಿಶ್ವ ಪರಂಪರೆ ಪಟ್ಟಿ ಸೇರಿತು. ಅಲ್ಲಿ ಮೂರ್ತಿಗಳ ಕೆಳಗೆ ಮತ್ತೆ ಮತ್ತೆ ಕಾಣುವ ರೂವಾರಿ, ಅಂದರೆ ಶಿಲ್ಪಿ, ಮಲ್ಲಿತಮ್ಮನ ಹೆಸರು ಗೋವಿಂದನಹಳ್ಳಿಯಲ್ಲೂ ಇದೆ. ಸೋಮನಾಥಪುರದ ಕೇಶವ 1258ರದ್ದು. ಇದು ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನದು.  ಬೀಗ ತೆಗೆದಾಗ ಒಳಗೆ ಕತ್ತಲು, ತಂಪು, ಬಾವಲಿಯ ವಾಸನೆ. ಐದು ಗರ್ಭಗುಡಿ ಒಂದೇ ಸಾಲಿನಲ್ಲಿ, ಐದೂ ಪೂರ್ವಕ್ಕೆ ಮುಖ. ಶಿವನ ಐದು ಮುಖ, ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ. ಕೈ ತಂದವರು ಒಂದೊಂದರ ಮುಂದೆಯೂ ಟಾರ್ಚು ಬಿಟ್ಟು ಹೆಸರು ಹೇಳುತ್ತಾ ಹೋದರು. ನಾಲ್ಕನೆಯದು ಮರೆತುಹೋಯಿತು. ನಕ್ಕು, 'ಇರಿ, ಮೊದ್ಲಿಂದ ಹೇಳ್ತೀನಿ' ಅಂತ ವಾಪಸ್ ಹೋಗಿ ಈಶಾನನಿಂದ ಶುರು ಮಾಡಿದರು.

ವಾಪಸ್ ಬರುವ ದಾರಿಯಲ್ಲಿ ಇನ್ನೊಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಈಗ ಗೊತ್ತಾಗುತ್ತದೆ. ತೋಟದ ಮಗ್ಗುಲಲ್ಲಿ ಒಂದು ಪುಟ್ಟ ಈಶ್ವರನ ಗುಡಿ, ಯಾವ ಪಟ್ಟಿಯಲ್ಲೂ ಇಲ್ಲದ್ದು. ಈ ಸಲ ನಾನೇ ಇಳಿದು ಮನೆ ಕೇಳಿಕೊಂಡು ಹೋದೆ. ನೀರು ಕೇಳಿದೆ, ಊರು ಹೇಳಿದೆ, ಆಮೇಲೆ ಕೈ ಕೇಳಿದೆ. ಗೇಣುದ್ದದ ಕಬ್ಬಿಣದ ಕೈ, ತುದಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿತ್ತು. ಬಾಗಿಲು ತೆಗೆದುಕೊಟ್ಟ ಆ ಯಮ್ಮನಿಗೆ ಕರೆಂಟು ಬಂದಿತ್ತು, ಅಂದರೆ ಪಂಪ್‌ಸೆಟ್ಟಿಗೆ ಕರೆಂಟು. ಗದ್ದೆಗೆ ನೀರು ಕಟ್ಟಬೇಕು. 'ನೀವು ನಿಧಾನಕ್ಕೆ ನೋಡ್ಕಳಿ. ಹೋಗುವಾಗ ಬೀಗ ಹಾಕಿ ಮನೆಗ್ ಕೊಟ್ಬುಡಿ' ಅಂತ ಹೇಳಿ, ಸೀರೆ ಎತ್ತಿಕಟ್ಟಿ ಹೊರಟೇಬಿಟ್ಟರು. ನಮ್ಮನ್ನು ನೋಡಿ ಹತ್ತು ನಿಮಿಷ ಆಗಿರಲಿಲ್ಲ.

ಒಳಗೆ ಹೆಚ್ಚೇನೂ ಇರಲಿಲ್ಲ. ಒಂದು ಲಿಂಗ, ಮೂಗು ಸವೆದ ಒಂದು ನಂದಿ, ಎಣ್ಣೆ ಆರಿದ ದೀಪ. ಆದರೂ ನಾವು ಬೇಗ ಹೊರಡಲಿಲ್ಲ. ಆಮೇಲೆ ಮಾವ ಬಾಗಿಲು ಎಳೆದು, ಬೀಗ ಒತ್ತಿ, ಬಸ್ಸಿನ ಬಾಗಿಲು ಎಳೆದು ನೋಡುವ ಹಾಗೆ ಎರಡು ಸಲ ಜಗ್ಗಿ ನೋಡಿದರು. ನಾನು ಇನ್ನೊಂದು ಸಲ ಜಗ್ಗಿದೆ.

ಮನೆಯಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಹೊಸಿಲ ಮೇಲೆ ಕೂತು ಕಾಪಿ ಬರೆಯುತ್ತಿದ್ದ. ತಲೆ ಎತ್ತದೆ, ಮೀಟರ್ ಬೋರ್ಡಿನ ಪಕ್ಕದ ಮೊಳೆ ತೋರಿಸಿದ. ಕೈ ನೇತುಹಾಕಿದೆ.

'ಬಾವಲಿ ಇತ್ತಾ?' ಅಂದ.

ಇತ್ತು ಅಂದೆ.

'ಎಷ್ಟಿತ್ತು?'

ಎಣಿಸಲಿಲ್ಲ ಕಣೋ.

ಆಗ ತಲೆ ಎತ್ತಿದ. 'ಹದಿನೇಳು' ಅಂದ.